ಅಪ್‌ಡೇಟ್: ಮಗನ ಓದಿನ ಬಗ್ಗೆ ಕೇಳಿದ್ದೆನಲ್ಲ

ಮೂರನೇ ಕ್ಲಾಸಿನ ಮಗ ಬಾಯಲ್ಲಿ ಎಲ್ಲಾ ಹೇಳ್ತಾನೆ, ಓದೋಕೆ ಕೂತ್ರೆ ತಡವರಿಸ್ತಾನೆ, ಟ್ಯೂಷನ್‌ಗೆ ಹಾಕ್ಲಾ ಅಂತ ಕೇಳಿದ್ದೆ. ಮೊದಲು ಪರೀಕ್ಷೆ ಮಾಡಿಸಿ ಅಂದವರಿಗೆ ಥ್ಯಾಂಕ್ಸ್. ಕಣ್ಣು, ಕಿವಿ ಸರಿ ಇದೆ ಅಂತ ಖಾತ್ರಿ ಮಾಡ್ಕೊಂಡು ನಿಮ್ಹಾನ್ಸ್‌ಗೆ ಹೋದ್ವಿ. ಓದು, ಬರಹ, ಲೆಕ್ಕ, ಐಕ್ಯೂ ಎಲ್ಲ ನೋಡಿ ಡಿಸ್ಲೆಕ್ಸಿಯಾ (ಓದು, ಬರಹ ಕಷ್ಟ ಆಗೋ ಕಲಿಕಾ ನ್ಯೂನತೆ) ಅಂದ್ರು. ಬುದ್ಧಿಗೇನೂ ಕೊರತೆ ಇಲ್ಲ. ಮನೇಲಿ 'ಸೋಮಾರಿ' ಅನ್ನೋ ಮಾತು ಅವತ್ತಿಗೆ ನಿಂತಿತು.

ಈಗ ಸ್ಪೆಷಲ್ ಎಜುಕೇಟರ್ ಹತ್ರ ಹೋಗ್ತಿದ್ದಾನೆ. ಅವರು ಪುಸ್ತಕ ಮುಟ್ಟಿಸದೇ ಕಿವಿಯಿಂದ ಶುರು ಮಾಡಿದ್ರು. 'ಕಮಲ'ದಲ್ಲಿ 'ಕ' ತೆಗೆದ್ರೆ ಏನು ಉಳಿಯುತ್ತೆ? (ಉತ್ತರ ಹೇಳಿ ಬಿದ್ದು ಬಿದ್ದು ನಕ್ಕ.) ಆಮೇಲೆ ತಟ್ಟೇಲಿ ರವೆ ಹರಡಿ, ಬಾಯಲ್ಲಿ ಹೇಳ್ತಾ ಬೆರಳಿಂದ ಅಕ್ಷರ ತಿದ್ದೋದು. ಇದನ್ನ ಮನೇಲೂ ದಿನಾ ಸ್ವಲ್ಪ ಹೊತ್ತು ಮಾಡ್ತೀವಿ. ಕಾಗುಣಿತ ಈಗ ಪರವಾಗಿಲ್ಲ. 'ಮ', 'ಯ' ಅದಲುಬದಲು ಆಗೋದು ಕಮ್ಮಿಯಾಗಿದೆ, ಒತ್ತಕ್ಷರ ಮಾತ್ರ ಇನ್ನೂ ಕಾಡ್ತಿದೆ.

ಬ್ರೈನ್ ಗೇಮ್ ಆ್ಯಪ್‌ಗಳ ಬಗ್ಗೆ ಎಜುಕೇಟರ್ ಹತ್ರ ಕೇಳ್ದೆ. ಆಟದಲ್ಲಿ ಚುರುಕಾಗ್ತಾನೆ, ಓದು ಬರೋಕೆ ಓದನ್ನೇ ಕಲಿಸ್ಬೇಕು ಅಂದ್ರು. ದುಡ್ಡು ಉಳೀತು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯೂ ಸೇರಿದೆ. ಸರ್ಟಿಫಿಕೇಟ್ ಇದ್ರೆ ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ಸೌಲಭ್ಯ ಕೇಳಬಹುದು. ಸದ್ಯಕ್ಕೆ ಕ್ಲಾಸ್ ಟೀಚರ್ ಎಲ್ಲರೆದುರು ಗಟ್ಟಿಯಾಗಿ ಓದಿಸೋದು ಬಿಟ್ಟಿದ್ದಾರೆ, ಪ್ರಶ್ನೆ ಬಾಯಲ್ಲೇ ಕೇಳ್ತಾರೆ. ಇಂಗ್ಲಿಷ್ ಸ್ಪೆಲ್ಲಿಂಗ್‌ಗೆ ದಸರಾ ರಜೆ ಆದ್ಮೇಲೆ ಕೈ ಹಾಕೋದು.