ಭಾನುವಾರ ಒಂದೇ ದಿನ ಘಾರಾಪುರಿ, ಕಾನ್ಹೇರಿ, ಫೋರ್ಟ್: ಒಂಬತ್ತು ಜನಕ್ಕೆ ಆಗುತ್ತಾ?

ಡೊಂಬಿವಲಿ_ಪೂರ್ವ:
ಜನವರಿಯ ಒಂದು ಭಾನುವಾರ ನಮ್ಮ ಸಂಘದ ಒಂಬತ್ತು ಮಂದಿ ಹೊರಡುವವರು. ಇಬ್ಬರಿಗೆ ಎಪ್ಪತ್ತು ದಾಟಿದೆ. ಮುಂಬೈಯ ಘಾರಾಪುರಿ ಅಂದರೆ ಎಲಿಫೆಂಟಾ, ಕಾನ್ಹೇರಿ ಗುಹೆಗಳು, ಆಮೇಲೆ ಫೋರ್ಟ್ ಕಡೆ ಹಳೇ ಕಟ್ಟಡಗಳು. ಯಾವ ಕ್ರಮದಲ್ಲಿ ಹೋದರೆ ಒಳ್ಳೆಯದು?

ಕೋಟೆಬೀದಿ:
ಕಾನ್ಹೇರಿ ಬಿಟ್ಟುಬಿಡಿ ಮಾರಾಯ್ರೆ. ಅದು ಬೊರಿವಲಿ ಉದ್ಯಾನದ ಗೇಟಿನಿಂದ ಸುಮಾರು ಆರು ಕಿಲೋಮೀಟರು ಒಳಗೆ. ನೂರಕ್ಕೂ ಹೆಚ್ಚು ಗುಹೆ, ಗುಡ್ಡ ಹತ್ತಬೇಕು. ಅಮೋಘವರ್ಷ ನೃಪತುಂಗನ ಹೆಸರಿರುವ, ಅವನ ಸಾಮಂತರಾದ ಶಿಲಾಹಾರರ ಶಾಸನಗಳು ಅಲ್ಲಿವೆ. ಕನ್ನಡದವರು ಅದಕ್ಕೇ ಅಂತ ಒಂದು ದಿನ ಇಡಬೇಕು.

ಘಾರಾಪುರಿಗೆ ಮೊದಲ ದೋಣಿಯಲ್ಲೇ ಹೋಗಿ. ಗೇಟ್‌ವೇ ಆಫ್ ಇಂಡಿಯಾದಿಂದ 9ಕ್ಕೆ ಶುರು, ದಾರಿ ಒಂದು ಗಂಟೆ. ಡೊಂಬಿವಲಿಯಲ್ಲಿ 6:45ರೊಳಗೆ ಫಾಸ್ಟ್ ಲೋಕಲ್ ರೈಲು ಹಿಡಿಯಿರಿ. ಮೆಗಾಬ್ಲಾಕ್ (ಭಾನುವಾರ ಹಳಿ ಕೆಲಸಕ್ಕೆ ರೈಲು ತಡೆಯುವುದು) ಸಾಮಾನ್ಯವಾಗಿ 11ರ ಆಸುಪಾಸಿಗೆ ಶುರುವಾಗುವುದು, ಹೋಗುವಾಗ ತೊಂದರೆಯಿಲ್ಲ. ಸಿಎಸ್‌ಎಂಟಿ ನಿಲ್ದಾಣದಿಂದ ಕಾಲಿ-ಪೀಲಿ ಟ್ಯಾಕ್ಸಿಗೆ ನಾಲ್ಕೇ ಜನ, ಅಂದರೆ ಮೂರು ಟ್ಯಾಕ್ಸಿ. ದೋಣಿಯ ಟಿಕೆಟ್ ಹೋಗಿಬರುವುದಕ್ಕೆ ಸೇರಿ ಇರುತ್ತದೆ, ಒಬ್ಬರ ಕೈಯಲ್ಲೇ ಎಲ್ಲಾ ಟಿಕೆಟ್ ಇಡಬೇಡಿ. ಅವರು ಹಿಂದೆ ಉಳಿದರೆ ಎಲ್ಲರೂ ಜೆಟ್ಟಿಯಲ್ಲೇ.

ಎರಡರ ಹೊತ್ತಿಗೆ ವಾಪಸ್. ಭಾನುವಾರ ಫೋರ್ಟಿನಲ್ಲಿ ಎಷ್ಟೋ ಹೋಟೆಲು ಬಂದ್, ಕೊಲಾಬಾ ಕಡೆಯೇ ಉಂಡುಬಿಡಿ. ನಾಲ್ಕರ ಮೇಲೆ ಓವಲ್ ಮೈದಾನದ ನಡುವಿನ ಕಾಲುದಾರಿಯಲ್ಲಿ ನಿಲ್ಲಿ: ಪೂರ್ವಕ್ಕೆ ಹೈಕೋರ್ಟು, ರಾಜಾಬಾಯಿ ಗೋಪುರ, ಬೆನ್ನ ಹಿಂದೆ ಆರ್ಟ್ ಡೆಕೋ ಮನೆಗಳ ಸಾಲು. ಪಡುವಣ ಬಿಸಿಲು ಗೋಪುರದ ಮೇಲೇ ಬೀಳುತ್ತದೆ. ಆಚೀಚೆ ಕ್ರಿಕೆಟ್ ಚೆಂಡು ಬರುತ್ತಿರುತ್ತದೆ, ಅಷ್ಟು ಜಾಗ್ರತೆ.

ಕಲ್ಲುಕಂಬ:
ಎಲಿಫೆಂಟಾ ಗುಹೆಗೆ ಸುಮಾರು 120 ಮೆಟ್ಟಿಲು. ಹಿರಿಯರಿಗೆ ಡೋಲಿ ಮಾಡುವುದಾದರೆ ಹತ್ತಿ ಇಳಿಯುವ ಎರಡಕ್ಕೂ ಸೇರಿಸಿ ಮೊದಲೇ ದರ ಮಾತಾಡಿ. ಕೈಯಲ್ಲಿ ತಿಂಡಿಯ ಚೀಲ ಬೇಡ, ಕೋತಿ ಕಿತ್ತುಕೊಳ್ಳುತ್ತದೆ.

ಒಳಗೆ ಹೋದವರೆಲ್ಲ ಸೀದಾ ಮೂರು ಮುಖದ ಶಿವನ ಮೂರ್ತಿ, ಸದಾಶಿವನ ಮುಂದೆ ನುಗ್ಗಿ ಫೋಟೋ ತೆಗೆಯುತ್ತಾರೆ. ಬಿಸಿಲಿಂದ ಬಂದ ಕಣ್ಣಿಗೆ ಅಲ್ಲಿ ಕತ್ತಲೆಯೇ ಕಾಣುವುದು. ಉತ್ತರದ ಬಾಗಿಲಲ್ಲೇ ಎರಡು ನಿಮಿಷ ನಿಂತು ಬಲಗಡೆಯ ನಟರಾಜನನ್ನು ನೋಡಿಕೊಳ್ಳಿ, ಅಷ್ಟರಲ್ಲಿ ಕಣ್ಣು ಹೊಂದಿಕೊಳ್ಳುತ್ತದೆ. ಸದಾಶಿವ ಸುಮಾರು 18 ಅಡಿ. ನಮ್ಮ ಎಡಕ್ಕಿರುವ ಮುಖ ಅಘೋರ, ಮೀಸೆ ಇದೆ, ಕೈಯಲ್ಲಿ ಹಾವು. ಬಲಕ್ಕೆ ವಾಮದೇವ, ಹೆಣ್ಣಿನ ಮುಖ, ಗುಂಗುರು ಮುಂಗುರುಳು, ಕೈಯಲ್ಲಿ ತಾವರೆ. ಅತ್ತಿತ್ತ ಅರ್ಧನಾರೀಶ್ವರ, ಗಂಗಾಧರ.

ರಾಣಿಬಾಗ್_ಬಾಗಿಲು:
ಓವಲ್ ಬದಲು ಬೈಕಲಾ ಇಟ್ಟುಕೊಳ್ಳಿ ಅಂತ ನಾನನ್ನುವುದು, ಹೇಗೂ ನಿಮ್ಮ ಲೈನೇ. ದ್ವೀಪಕ್ಕೆ ಎಲಿಫೆಂಟಾ ಅಂತ ಪೋರ್ಚುಗೀಸರು ಹೆಸರಿಟ್ಟದ್ದು ಒಂದು ಕಲ್ಲಾನೆಯಿಂದ. ಅದನ್ನು 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಹೊರಟಾಗ ಕ್ರೇನಿನ ಸರಪಳಿ ಹರಿದು ಆನೆ ಒಡೆಯಿತು. 1914ರಲ್ಲಿ ಚೂರುಗಳನ್ನು ಜೋಡಿಸಿದರು. ಈಗ ಬೈಕಲಾದ ಭಾವು ದಾಜಿ ಲಾಡ್ ಮ್ಯೂಸಿಯಮ್ಮಿನ ಹೊರಗೆ ನಿಂತಿದೆ, ಹತ್ತಿರ ಹೋದರೆ ಬೆಸೆದ ಗೆರೆ ಕಾಣುತ್ತದೆ. ದಿನ ಬದಲಾಯಿಸುವುದಾದರೆ ನೆನಪಿರಲಿ: ಎಲಿಫೆಂಟಾಕ್ಕೆ ಸೋಮವಾರ ರಜೆ, ಈ ಮ್ಯೂಸಿಯಮ್ಮಿಗೆ ಬುಧವಾರ.

ಡೊಂಬಿವಲಿ_ಪೂರ್ವ:
ಹಾಗಾದರೆ ಬೈಕಲಾವೇ ಸರಿ. ಡೋಲಿಯವರು ಜೆಟ್ಟಿಯಲ್ಲೇ ಸಿಗುತ್ತಾರಾ?

ಕಲ್ಲುಕಂಬ:
ಮೆಟ್ಟಿಲ ಬುಡದಲ್ಲಿ. ಜೆಟ್ಟಿಯಿಂದ ಅಲ್ಲಿಗೆ ಪುಟಾಣಿ ರೈಲಿದೆ, ಹಿರಿಯರನ್ನು ನಡೆಸಬೇಡಿ.