ಪರ್ಮಿಟ್ ಇಲ್ಲದ ಜಲ್ಲಿ ಲೋಡಿಗೆ ಎರಡು ಸಾವಿರ ಕಮ್ಮಿ ಅಂತಾರೆ, ತಗೊಳ್ಳಲಾ?

ಪ್ರಶ್ನೆ (ಮಂಡ್ಯ, ಮನೆ ಕಟ್ಟಿಸುತ್ತಿರುವವರು):
ಸಾರ್ ನಮಸ್ಕಾರ. ಹಳೇ ಮನೆ ಕೆಡವಿ ಅದೇ ಜಾಗದಲ್ಲಿ ಹೊಸದು ಕಟ್ಟಿಸುತ್ತಿದ್ದೇನೆ. ಪಾಯ ಮುಗಿಯಿತು. ಮೇಸ್ತ್ರಿ ಜಲ್ಲಿಗೆ, ಎಂ ಸ್ಯಾಂಡ್‌ಗೆ (ಕಲ್ಲು ಪುಡಿ ಮಾಡಿದ ಮರಳು) ಇಬ್ಬರ ನಂಬರ್ ಕೊಟ್ಟರು. ಒಬ್ಬರು ಗಣಿ ಇಲಾಖೆಯ ಸಾಗಾಣಿಕೆ ಪರ್ಮಿಟ್ ಸಮೇತ ಕೊಡುತ್ತೇನೆ ಅಂದರು. ಇನ್ನೊಬ್ಬರು "ಅದೆಲ್ಲ ಯಾಕಣ್ಣ, ರಾತ್ರಿ ತಂದು ಸುರಿಸಿಬಿಡ್ತೀನಿ, ಲೋಡಿಗೆ ಎರಡು ಸಾವಿರ ಕಮ್ಮಿ" ಅಂದರು. ಕಲ್ಲು ಕಲ್ಲೇ ಅಲ್ವಾ? ಮಗಳು ಬೆಂಗಳೂರಲ್ಲಿ ಎಲೆಕ್ಟ್ರಾನಿಕ್ಸ್ ಕಂಪನಿಯಲ್ಲಿದ್ದಾಳೆ. ಅಲ್ಲಿ ತವರ, ಟಂಗ್‌ಸ್ಟನ್ ಯಾವ ದೇಶದ ಗಣಿಯಿಂದ ಬಂತು ಅಂತ ಸಪ್ಲೈಯರ್ ಹತ್ತಿರ ಫಾರಂ ತುಂಬಿಸಿಕೊಳ್ಳುತ್ತಾರಂತೆ. "ನೀನು ಜಲ್ಲಿಗೆ ಕೇಳಲ್ವಾ ಅಪ್ಪ" ಅಂತ ನಗುತ್ತಾಳೆ.

ಉತ್ತರ (ಗಣಿ ಎಂಜಿನಿಯರ್, ಮೈಸೂರು):
ಮಗಳು ನಕ್ಕರೂ ಸರಿಯಾಗಿಯೇ ಕೇಳಿದ್ದಾರೆ. ಆ ಫಾರಂ ಶುರುವಾಗಿದ್ದು ಅಮೆರಿಕದ 2010ರ ಒಂದು ಕಾನೂನಿಂದ. ಕಾಂಗೋ ಕಡೆಯ ಗಣಿಗಳ ದುಡ್ಡು ಬಂದೂಕು ಹಿಡಿದವರ ಕೈಗೆ ಹೋಗುತ್ತಿತ್ತು, ಅದಕ್ಕೆ ತವರ, ಟಂಗ್‌ಸ್ಟನ್, ಟ್ಯಾಂಟಲಮ್, ಚಿನ್ನ ಈ ನಾಲ್ಕರ ಮೂಲ ಹೇಳಿ ಅಂದರು. ನಮ್ಮ ಜಲ್ಲಿಯಲ್ಲಿ ಬಂದೂಕಿಲ್ಲ, ಬಂಡೆ ಸಿಡಿಸುವ ಮದ್ದಿದೆ.

ಕಲ್ಲು ಕಲ್ಲೇ, ಒಪ್ಪುತ್ತೇನೆ. ಆದರೆ ಆ ಎರಡು ಸಾವಿರ ಎಲ್ಲಿಂದ ಉಳಿಯುತ್ತದೆ ನೋಡಿ. ಕಲ್ಲು ತೆಗೆದಿದ್ದಕ್ಕೆ ಸರ್ಕಾರಕ್ಕೆ ಕೊಡಬೇಕಾದ ರಾಯಲ್ಟಿ ಕಟ್ಟಿಲ್ಲ. ರಾಯಲ್ಟಿ ಕಟ್ಟದಿದ್ದರೆ ಜಿಲ್ಲಾ ಖನಿಜ ಪ್ರತಿಷ್ಠಾನದ ಪಾಲೂ ಇಲ್ಲ. 2015ರಲ್ಲಿ ಗಣಿ ಕಾನೂನಿಗೆ ತಿದ್ದುಪಡಿ ತಂದು ಮಾಡಿದ ವ್ಯವಸ್ಥೆ ಅದು, ಕ್ವಾರಿ ಇರುವ ಊರಿನ ಕುಡಿಯುವ ನೀರು, ಆಸ್ಪತ್ರೆ, ಶಾಲೆಗೆ ಆ ದುಡ್ಡು ಹೋಗಬೇಕು. ಲೆಕ್ಕಕ್ಕೇ ಸಿಗದ ಕ್ವಾರಿಯಲ್ಲಿ ಇನ್ನೊಂದು ಉಳಿತಾಯ ಇರುತ್ತದೆ. ಕುಳಿ ಕೊರೆಯುವಾಗ ನೀರು ಬಿಡುವುದಿಲ್ಲ. ನಮ್ಮ ಕಡೆಯ ಕಲ್ಲಿನಲ್ಲಿ ಸುಮಾರು ಕಾಲು ಭಾಗ ಕ್ವಾರ್ಟ್ಜ್, ಅಂದರೆ ಸಿಲಿಕಾ. ಒಣಗಲ್ಲು ಕೊರೆದಾಗ ಏಳುವ ಬಿಳಿ ಧೂಳು ಡ್ರಿಲ್ ಹಿಡಿದವನ ಹುಬ್ಬು, ಮೀಸೆ, ಕಿವಿಯ ಕೂದಲಿನ ಮೇಲೆಲ್ಲ ಕೂತಿರುತ್ತದೆ, ದೂರದಿಂದ ನೋಡಿದರೆ ಇಪ್ಪತ್ತೈದರ ಹುಡುಗ ಅರವತ್ತರ ಮುದುಕನ ಹಾಗೆ ಕಾಣುತ್ತಾನೆ. ಕಣ್ಣಿಗೆ ಕಾಣದಷ್ಟು ಸಣ್ಣದು ಶ್ವಾಸಕೋಶಕ್ಕೆ ಇಳಿದರೆ ಸಿಲಿಕೋಸಿಸ್ ಅನ್ನುವ ಶ್ವಾಸಕೋಶದ ಕಾಯಿಲೆ, ಅದು ವಾಸಿಯಾಗುವುದಿಲ್ಲ. ಎಷ್ಟೋ ಜನಕ್ಕೆ ಟಿಬಿ ಅಂತ ವರ್ಷಗಟ್ಟಲೆ ಮಾತ್ರೆ ಕೊಟ್ಟಿರುತ್ತಾರೆ.

ನೀವು ಮಾಡಬೇಕಾದ್ದು ಇಷ್ಟೇ. ಲೋಡ್ ಬಂದಾಗ ಸುರಿಸುವ ಮೊದಲು ಪರ್ಮಿಟ್ ಕೇಳಿ. ಗಾಡಿ ನಂಬರ್ ತಾಳೆ ಆಗಬೇಕು, ತಾರೀಕು ಮತ್ತು ಗಂಟೆ ನೋಡಬೇಕು. ಒಂದೇ ಪರ್ಮಿಟ್‌ನಲ್ಲಿ ಬೆಳಗ್ಗೆಯಿಂದ ಮೂರು ಟ್ರಿಪ್ ಹೊಡೆಯುವುದು ಹಳೇ ಆಟ. ಪರ್ಮಿಟ್‌ನಲ್ಲಿ ಟನ್ ಬರೆದಿರುತ್ತಾರೆ, ನಿಮಗೆ ಮಾರುವುದು ಅಡಿ ಲೆಕ್ಕ. 100 ಘನ ಅಡಿ ಜಲ್ಲಿ ಹತ್ತಿರ ಹತ್ತಿರ ನಾಲ್ಕು ಟನ್ ಆಗುತ್ತದೆ. 400 ಅಡಿ ಸುರಿದು ಹತ್ತು ಟನ್ ಪರ್ಮಿಟ್ ತೋರಿಸಿದರೆ ಉಳಿದದ್ದು ಕಳ್ಳಮಾಲು.

ಸಪ್ಲೈಯರ್ (ಶ್ರೀರಂಗಪಟ್ಟಣ):
ಸಾರ್, ಬರೆಯುವುದು ಸುಲಭ. ಪರ್ಮಿಟ್ ಮಾಲು ತಂದರೆ ಗಿರಾಕಿ ಪಕ್ಕದವನ ಹತ್ತಿರ ಹೋಗುತ್ತಾನೆ. ನಾವು ಹೊಟ್ಟೆಗೆ ಏನು ತಿನ್ನೋಣ?

ಉತ್ತರ:
ನಿಮ್ಮ ಮಾತಲ್ಲಿ ಸುಳ್ಳಿಲ್ಲ ಅಣ್ಣ. ಸರಿಯಾಗಿ ವ್ಯಾಪಾರ ಮಾಡುವವನಿಗೇ ನಷ್ಟ ಆಗುತ್ತಿದೆ. ಅದಕ್ಕೇ ನಾನು ಹೇಳುತ್ತಿರುವುದು ಗಿರಾಕಿಗೆ. ಬಳ್ಳಾರಿಯ ಕಬ್ಬಿಣದ ಅದಿರಿನಲ್ಲೂ ಇದೇ ಆಯಿತು, ಕೊಳ್ಳುವವರು ಯಾರೂ ಮೂಲ ಕೇಳಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನೇ ನಿಲ್ಲಿಸಿತು. ಆಮೇಲೆ ಅದಿರನ್ನು ಇ-ಹರಾಜಿನಲ್ಲೇ ಮಾರಬೇಕು ಅಂತಾಯಿತು. ಅಲ್ಲಿಯವರೆಗೆ ನೆಟ್ಟಗೆ ನಡೆದವರ ಗಣಿಯೂ ಕಳ್ಳರ ಜೊತೆಗೇ ಬಾಗಿಲು ಹಾಕಿತ್ತು.

ಪ್ರಶ್ನೆ (ಪಾಂಡವಪುರ ತಾಲ್ಲೂಕು, ರೈತರು):
ನಮ್ಮೂರ ಹತ್ತಿರ ಕ್ವಾರಿ ಇತ್ತು. ಮದ್ದು ಹೊಡೆದಾಗ ಪಾತ್ರೆ ಅಲ್ಲಾಡುತ್ತಿದ್ದವು. ಗೋಡೆ ಬಿರುಕು ತೋರಿಸಿದರೆ "ಅದು ಹಳೇ ಬಿರುಕು" ಅಂದುಬಿಟ್ಟರು. ಈಗ ನಿಂತಿದೆ. ಮತ್ತೆ ಶುರುವಾದರೆ ಏನು ಮಾಡೋಣ?

ಉತ್ತರ:
2024ರ ಜನವರಿಯಲ್ಲಿ ಹೈಕೋರ್ಟ್ ಕೆಆರ್‌ಎಸ್ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆ ಬೇಡ ಅಂದಿದ್ದು ನಿಮಗೆ ಗೊತ್ತೇ ಇದೆ, ನಿಮ್ಮ ತಾಲ್ಲೂಕಿನ ಬೇಬಿ ಬೆಟ್ಟವೂ ಅದರೊಳಗೇ ಬರುತ್ತದೆ. ಅಣೆಕಟ್ಟೆಗೆ ಕೋರ್ಟ್ ಇದೆ, ನಿಮ್ಮ ಗೋಡೆಗೆ ನೀವೇ ಸಾಕ್ಷಿ ಮಾಡಿಕೊಳ್ಳಬೇಕು. ಈಗಲೇ ಒಂದು ಕೆಲಸ ಮಾಡಿ. ತೆಳ್ಳನೆಯ ಗಾಜಿನ ಪಟ್ಟಿ ತಗೊಂಡು ಬಿರುಕಿಗೆ ಅಡ್ಡಲಾಗಿ ಎರಡೂ ತುದಿಗೆ ಸಿಮೆಂಟ್ ಮೆತ್ತಿ ಅಂಟಿಸಿ. ಪಕ್ಕದಲ್ಲಿ ತಾರೀಕು ಬರೆದು ಫೋಟೋ ತೆಗೆಯಿರಿ. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಪಟ್ಟಂತ ಒಡೆಯುತ್ತದೆ. ಮದ್ದು ಹೊಡೆದ ದಿನ, ಗಂಟೆ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಕಂಪನಕ್ಕೆ ಗಣಿ ಸುರಕ್ಷತಾ ನಿರ್ದೇಶನಾಲಯದ ಮಿತಿ ಇದೆ. ಮಾಮೂಲಿ ಮನೆಗಳಿಗೆ, ನೆಲ ನಿಧಾನಕ್ಕೆ ತೂಗಿದಾಗ ಅದು ಅಲ್ಲಾಡುವ ವೇಗ ಸೆಕೆಂಡಿಗೆ 5 ಮಿಲಿಮೀಟರ್ ದಾಟಬಾರದು, ಕಂಪನ ಚುರುಕಾದಷ್ಟೂ ಆ ಮಿತಿ 10, 15ರವರೆಗೆ ಹೋಗುತ್ತದೆ. ಅಳೆಯುವ ಯಂತ್ರ ಅವರ ಆಫೀಸಿನಲ್ಲಿ ಅಲ್ಲ, ನಿಮ್ಮ ಗೋಡೆ ಬುಡದಲ್ಲಿ ಇಡಿ ಅಂತ ಅರ್ಜಿ ಕೊಡಿ. ಎಲ್ಲಾ ಕುಳಿ ಒಟ್ಟಿಗೆ ಸಿಡಿಸದೆ ಒಂದಾದ ಮೇಲೊಂದು ಮಿಲಿಸೆಕೆಂಡ್ ಅಂತರದಲ್ಲಿ ಸಿಡಿಸಿದರೆ ಅದುರು ಬಹಳ ಕಮ್ಮಿಯಾಗುತ್ತದೆ. ಅದಕ್ಕೆ ಖರ್ಚು ಜಾಸ್ತಿ, ಅಷ್ಟೇ ವಿಷಯ.

ಪ್ರಶ್ನೆ (ಮೈಸೂರು, ಗೃಹಿಣಿ):
ಎಂ ಸ್ಯಾಂಡ್ ಅಂತ ಬರೀ ಧೂಳು ಕೊಟ್ಟರೆ ಕಂಡುಹಿಡಿಯುವುದು ಹೇಗೆ ಸಾರ್?

ಉತ್ತರ:
ಉಪ್ಪಿನಕಾಯಿ ಬಾಟಲಿ ಸಾಕು ಮೇಡಂ. ಅರ್ಧ ಮರಳು ಹಾಕಿ, ಮೇಲೆ ನೀರು, ಚಿಟಿಕೆ ಉಪ್ಪು, ಚೆನ್ನಾಗಿ ಅಲ್ಲಾಡಿಸಿ ಮೂರು ಗಂಟೆ ಬಿಡಿ. ಮೇಲೆ ಕೂತ ನುಣ್ಣನೆ ಪದರ ತೀರಾ ದಪ್ಪ ಇದ್ದರೆ ಅದು ಕ್ರಷರ್ ಡಸ್ಟ್. ಸ್ವಲ್ಪ ಪದರ ಕಂಡರೆ ಗಾಬರಿಯಾಗಬೇಡಿ, ಹೊಳೆ ಮರಳಿಗಿಂತ ಇದಕ್ಕೆ ಸ್ಟ್ಯಾಂಡರ್ಡ್‌ನಲ್ಲೇ ಹೆಚ್ಚು ಸಡಿಲ ಇದೆ. ಬಾಟಲಿ ಬರೀ ಅಂದಾಜಿಗೆ, ಅನುಮಾನ ಬಂದರೆ ಲ್ಯಾಬಿಗೆ ಕೊಡಿ.

ಪ್ರಶ್ನೆ (ಮೊದಲು ಕೇಳಿದವರು):
ಹಳೇ ಮನೆ ಒಡೆದ ಕಾಂಕ್ರೀಟು ಸೈಟ್ ಪಕ್ಕದಲ್ಲೇ ಗುಡ್ಡೆ ಬಿದ್ದಿದೆ. ಮೇಸ್ತ್ರಿ ನಾಲೆ ಏರಿ ಮೇಲೆ ಸುರಿದು ಬರೋಣ ಅನ್ನುತ್ತಾರೆ.

ಉತ್ತರ:
ಅಯ್ಯೋ, ದಯವಿಟ್ಟು ಬೇಡ. ಅದೂ ಒಂದು ಕಾಲದಲ್ಲಿ ಯಾವುದೋ ಬೆಟ್ಟವೇ ಅಲ್ವಾ, ಒಮ್ಮೆ ಒಡೆದದ್ದನ್ನು ನಾಲೆಗೆ ಸುರಿದು ಇನ್ನೊಂದು ಬೆಟ್ಟಕ್ಕೆ ಮದ್ದು ಇಡುತ್ತೇವೆ. ಜಲ್ಲಿ, ಮರಳಿನ ಭಾರತೀಯ ಸ್ಟ್ಯಾಂಡರ್ಡ್ ಐಎಸ್ 383ರ 2016ರ ಆವೃತ್ತಿ ಹಳೇ ಕಾಂಕ್ರೀಟಿನ ಜಲ್ಲಿಗೆ ಒಪ್ಪಿಗೆ ಕೊಟ್ಟಿದೆ. ನೆಲದಡಿ ಹಾಕುವ, ಸಿಮೆಂಟ್ ಕಮ್ಮಿ ಇರುವ ಬಡ ಕಾಂಕ್ರೀಟಿಗೆ ಪೂರ್ತಿ ಅದನ್ನೇ ಹಾಕಬಹುದು, ಕಬ್ಬಿಣ ಹಾಕಿದ, ಎಂ25 ಅನ್ನುವ ಗಟ್ಟಿತನದ ದರ್ಜೆವರೆಗಿನ ಕಾಂಕ್ರೀಟಿಗೆ 20 ಪರ್ಸೆಂಟ್ ತನಕ. ಮನೆ ಮಟ್ಟದಲ್ಲಿ ಕಂಬ, ಮೋಲ್ಡಿಗೆ ನಾನಂತೂ ಬೆರೆಸು ಅನ್ನುವುದಿಲ್ಲ, ಅದಕ್ಕೆ ಟೆಸ್ಟ್ ಬೇಕು. ಕಂಬಿ, ಗಾರೆ, ಮಣ್ಣು ಬೇರೆ ಮಾಡಿಸಿ ಒಡೆಸಿ, ನೆಲ ತುಂಬಲು ಮತ್ತು ಕಾಂಪೌಂಡ್ ಒಳಗಿನ ದಾರಿಗೆ ಹಾಕಿಸಿ.

ಮೊದಲು ಕೇಳಿದವರು, ನಾಲ್ಕು ದಿನ ಬಿಟ್ಟು:
ಸಾರ್, ಪರ್ಮಿಟ್ ಇರುವವರಿಗೇ ಹೇಳಿದೆ. ನಿನ್ನೆ ಬಂದ ಗಾಡಿ ನಂಬರ್ ಕೊನೆಗೆ 46, ಪರ್ಮಿಟ್‌ನಲ್ಲಿ 64. ಡ್ರೈವರ್ "ಟೈಪಿಂಗ್ ಮಿಸ್ಟೇಕ್ ಅಣ್ಣ" ಅಂದ. ಸುರಿಸಲಿಲ್ಲ, ವಾಪಸ್ ಕಳಿಸಿದೆ. ಮೇಸ್ತ್ರಿ ಒಂದು ದಿನದ ಕೂಲಿ ಹೋಯಿತು ಅಂತ ಇನ್ನೂ ಮುಖ ಊದಿಸಿಕೊಂಡಿದ್ದಾರೆ. ಇವತ್ತು ಬೆಳಗ್ಗೆ 64 ಬಂತು.

ಉತ್ತರ:
64ರ ಗಂಟೆ ನೋಡಿದಿರಾ?