ಅಪ್‌ಡೇಟ್: ಟ್ರೇಲರ್ ಎಳೆಯುವ ಪಿಕಪ್‌ಗೆ ಕೊನೆಗೂ ಟೈರ್ ಹಾಕಿಸಿದೆ

ಮೂರು ಟನ್ನಿನ ಟ್ರೇಲರ್ ಕಟ್ಟಿದರೆ ಪಿಕಪ್ ಓಲಾಡುತ್ತದೆ, ಹಿಂದಿನ ಟೈರ್ ಬೇಗ ಸವೆಯುತ್ತದೆ, ಯಾವುದು ಹಾಕಿಸಲಿ ಅಂತ ಕೇಳಿದ್ದೆ. ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಮೇಲಿನ ಬರಹ ಓದಿ ಅಂದಿದ್ರಲ್ಲ, ಓದಿದೆ. ಗಾತ್ರದ ಮುಂದೆ 'ಪಿ' ಅಂತಿತ್ತು, ಅಂದರೆ ಕಾರಿನ ಜಾತಿಯ ಟೈರ್! ಇಷ್ಟು ದಿನ ಅದರ ಮೇಲೇ ಎಳೆದಿದ್ದೇನೆ.

ಈಗ 'ಎಲ್‌ಟಿ' (ಲೈಟ್ ಟ್ರಕ್) ಟೈರ್, ಲೋಡ್ ರೇಂಜ್ 'ಇ' (ಟೈರಿನ ಗಟ್ಟಿತನದ ದರ್ಜೆ), ಲೋಡ್ ಇಂಡೆಕ್ಸ್ (ಹೊರುವ ಭಾರದ ಸಂಕೇತ) 121. ಒಂದೊಂದು 1450 ಕೆ.ಜಿ. ಹೊರುತ್ತದೆ, ಆದರೆ 80 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಗಾಳಿ ಇದ್ದರೆ ಮಾತ್ರ. ಟ್ರೇಲರ್ ತೂಕದಲ್ಲಿ ಶೇ. 10ರಿಂದ 15ರಷ್ಟು ಪಿಕಪ್‌ನ ಹಿಂದೆ ಟ್ರೇಲರ್ ಸಿಕ್ಕಿಸುವ ಹಿಚ್ ಮೇಲೆ ಬೀಳುತ್ತದೆ. ನನಗೆ ಅದು 300ರಿಂದ 450 ಕೆ.ಜಿ. ಆ ಲೆಕ್ಕ ನಾನು ಹಿಡಿದೇ ಇರಲಿಲ್ಲ.

ದಪ್ಪ ರಬ್ಬರ್ ಗಟ್ಟಿಗಳ, ಕೆಸರಿಗೆ ಅಂತಲೇ ಮಾಡಿದ ಮಡ್ ಟೈರ್ ನೋಡೋಕೆ ಚೆಂದ, ಆಸೆಯೂ ಆಯ್ತು. ಆದರೆ ನಾನು ಓಡಿಸೋದೆಲ್ಲ ಡಾಂಬರು ರಸ್ತೆ. ಭಾರಕ್ಕೆ ಆ ಗಟ್ಟಿಗಳು ಅಲುಗಾಡಿ ಬಿಸಿಯಾಗುತ್ತವೆ, ಬೇಗ ಸವೆಯುತ್ತವೆ. ಡಾಂಬರು ರಸ್ತೆಗೆ ಹೊಂದುವ ಹೈವೇ ಟ್ರೆಡ್ಡನ್ನೇ (ಟ್ರೆಡ್ ಅಂದರೆ ರಸ್ತೆಗೆ ತಾಗುವ ಮೇಲ್ಮೈ) ತೆಗೆದುಕೊಂಡೆ. ಅಂಗಡಿಯವರು ಮೊದಲು ತೋರಿಸಿದ ಸೆಟ್‌ನ ತಯಾರಿಕೆ ದಿನಾಂಕ ನಾಲ್ಕು ವರ್ಷ ಹಳೆಯದು. ಬೇಡ ಅಂದೆ.

ಒಂದು ತಪ್ಪೂ ಮಾಡಿದೆ. ಖಾಲಿ ಗಾಡಿಗೂ 80 ಪಿಎಸ್‌ಐ ತುಂಬಿಸಿದೆ. ಸಣ್ಣ ಗುಂಡಿಗೂ ಕುಣಿಯಿತು! ಈಗ ಟ್ರೇಲರ್ ಕಟ್ಟುವಾಗ ಮಾತ್ರ, ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ಏರಿಸುತ್ತೇನೆ.

ಓಲಾಟ ಕಡಿಮೆಯಾಗಿದೆ, ಆದರೆ ಪೂರ್ತಿ ಹೋಗಿದ್ದು ಟ್ರೇಲರ್ ಹಿಂಭಾಗದ ಸಾಮಾನನ್ನು ಮುಂದೆ ಸರಿಸಿದ ಮೇಲೆ. ಸುಮ್ನೆ ಎಲ್ಲ ತಪ್ಪೂ ಟೈರ್ ಮೇಲೆ ಹೊರಿಸಿದ್ದೆ. ಬಾಳಿಕೆ ಬಗ್ಗೆ ಈಗಲೇ ಕೇಳಬೇಡಿ, ಓಡಿರೋದು 2,000 ಕಿ.ಮೀ. ಅಷ್ಟೇ.